ಬಿಪಿಯ ಮಟ್ಟ ಗೊತ್ತುಮಾಡುವ ಕಿಡ್ನಿ

ಕಿಡ್ನಿ ಎಂದರೆ ಮೈಯೊಳಗಿನ ಕಲ್ಮಶ ಸೋಸುವ ಅಂಗ. ಬಹಳ ಜನರ ತಿಳಿವಳಿಕೆ ಅಲ್ಲಿಗೇ ನಿಂತಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಪಿ, ಉಪ್ಪು, ನೀರು, ಮಾತ್ರೆ ಇವುಗಳ ಬಗ್ಗೆ ಇದ್ದವು. ಎಲ್ಲದರ ಬೇರೂ ಕಿಡ್ನಿಯಲ್ಲೇ ಇರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 68 ವರ್ಷ. ಬಹಳ ವರ್ಷಗಳಿಂದ ಬಿಪಿ ಇದೆ. ‘ಬಿಪಿ ಹಿಡಿತದಲ್ಲಿಡಿ, ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು’ ಎಂದು ನಮ್ಮ ಊರಿನ ಡಾಕ್ಟರು ಹೇಳುತ್ತಲೇ ಬಂದಿದ್ದಾರೆ. ಮೊನ್ನೆ ಹುಬ್ಬಳ್ಳಿಯಲ್ಲಿ ತೋರಿಸಿದಾಗ ಅಲ್ಲಿಯವರು ‘ಕಿಡ್ನಿಯಿಂದಲೇ ಬಿಪಿ ಬರುವುದುಂಟು’ ಎಂದರು. ಯಾವುದು ಮೊದಲು, ಯಾವುದು ಆಮೇಲೆ? ತುಸು ಬಿಡಿಸಿ ಹೇಳಿ.
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಇಬ್ಬರು ಹೇಳಿದ್ದೂ ಸರಿ, ಗುರುಗಳೇ. ಬಿಪಿ ಏರಿದರೆ ಕಿಡ್ನಿ ಕೆಡುತ್ತದೆ, ಕಿಡ್ನಿ ಕೆಟ್ಟರೆ ಬಿಪಿ ಏರುತ್ತದೆ. ಆದರೆ ನನ್ನನ್ನು ಕೇಳಿದರೆ ಎರಡನೆಯ ಮಾತಿಗೆ ಹೆಚ್ಚು ತೂಕ. ಏಕೆಂದರೆ ಆರೋಗ್ಯವಂತರಲ್ಲಿಯೂ ದಿನದಿಂದ ದಿನಕ್ಕೆ, ವರ್ಷದಿಂದ ವರ್ಷಕ್ಕೆ ರಕ್ತದೊತ್ತಡ ಎಷ್ಟಿರಬೇಕು ಎಂದು ಗೊತ್ತುಮಾಡುವುದು ಕಿಡ್ನಿಯೇ.

ನಮ್ಮ ಎರಡು ಕಿಡ್ನಿಗಳೂ ಸೇರಿದರೆ ತೂಕ 300 ಗ್ರಾಂ ಆಸುಪಾಸು. ಅಷ್ಟು ಸಣ್ಣ ಅಂಗಕ್ಕೆ ಹೃದಯ ನೂಕುವ ರಕ್ತದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು, ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ಹರಿದು ಬರುತ್ತದೆ. ಒಂದೊಂದು ಕಿಡ್ನಿಯಲ್ಲಿಯೂ ನೆಫ್ರಾನ್ ಎಂಬ ಸೋಸುವ ಘಟಕಗಳು ಸರಾಸರಿ ಹತ್ತು ಲಕ್ಷ ಇವೆ. ಇವು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಅಷ್ಟೂ ಹೊರಗೆ ಹೋದರೆ ಅರ್ಧ ಗಂಟೆಯೊಳಗೆ ರಕ್ತದ ತಿಳಿನೀರೇ ಬರಿದಾದೀತು. ಹಾಗಾಗದಂತೆ ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ನೆಫ್ರಾನಿನ ನಾಳಗಳು ಹಿಂದಕ್ಕೆ ಹೀರಿಕೊಳ್ಳುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್ ಮಾತ್ರ. ಉಪ್ಪಿನ ಕಥೆಯೂ ಹೀಗೆಯೇ. ದಿನಕ್ಕೆ ಸೋಸಿಹೋಗುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಒಂದೂವರೆ ಕಿಲೋ ಸಮೀಪ. ಹೊರಗೆ ಹೋಗುವುದು ನಾವು ತಿಂದಷ್ಟು, ಅಂದರೆ ಹತ್ತು ಗ್ರಾಂ ಆಚೀಚೆ. ಕಿಡ್ನಿಯ ನಿಜವಾದ ಕೆಲಸ ಇರುವುದು ಈ ಹಿಂದಕ್ಕೆ ಹೀರುವುದರಲ್ಲಿ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮೈಯಲ್ಲಿ ಉಪ್ಪು ನಿಲ್ಲುತ್ತದೆ. ಉಪ್ಪು ನಿಂತಲ್ಲಿ ನೀರು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಮೈಯ ಲೆಕ್ಕವೂ ಅದೇ: 9 ಗ್ರಾಂ ಉಪ್ಪು ಉಳಿದರೆ ಸರಿಸುಮಾರು ಒಂದು ಲೀಟರ್ ನೀರು ಅದರ ಜೊತೆ ಉಳಿಯಿತೆಂದೇ ಅರ್ಥ.

ಒತ್ತಡದ ಮಾತಿಗೆ ಬರೋಣ. ಕೆರೆಗೆ ಎಷ್ಟೇ ಮಳೆ ಬರಲಿ, ಕೊನೆಗೆ ನೀರು ನಿಲ್ಲುವ ಮಟ್ಟವನ್ನು ಹೇಳುವುದು ಕೋಡಿ. ಕೋಡಿ ತಗ್ಗಿದ್ದರೆ ಹೆಚ್ಚಿನ ನೀರು ಹರಿದುಹೋಗುತ್ತದೆ, ಕೋಡಿ ಏರಿಸಿ ಕಟ್ಟಿದರೆ ಅದೇ ಮಳೆಗೆ ಕೆರೆ ಎತ್ತರಕ್ಕೆ ನಿಲ್ಲುತ್ತದೆ. ಮೈಯಲ್ಲಿ ಆ ಕೋಡಿ ಕಿಡ್ನಿ. ರಕ್ತದೊತ್ತಡ ತುಸು ಏರಿದೊಡನೆ ಆರೋಗ್ಯದ ಕಿಡ್ನಿ ಹೆಚ್ಚು ಉಪ್ಪನ್ನೂ ನೀರನ್ನೂ ಹೊರಗೆ ಬಿಡುತ್ತದೆ. ರಕ್ತದ ಗಾತ್ರ ತಗ್ಗಿ, ಒತ್ತಡ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಅಮೆರಿಕದ ಶರೀರವಿಜ್ಞಾನಿ ಆರ್ಥರ್ ಗೈಟನ್ ದಶಕಗಳ ಕಾಲ ಈ ಒಂದು ಸಂಗತಿಯ ಬೆನ್ನುಹತ್ತಿದರು. ಅವರ ವಾದ ನೇರವಾಗಿತ್ತು: ಯಾರಲ್ಲಾದರೂ ಬಿಪಿ ಏರಿ, ಏರಿದಲ್ಲೇ ನಿಂತಿದೆ ಎಂದರೆ, ಕಾರಣ ಏನೇ ಇರಲಿ, ಅವರ ಕಿಡ್ನಿ ಆ ಏರಿದ ಒತ್ತಡದಲ್ಲಷ್ಟೇ ಉಪ್ಪನ್ನು ಸರಿಯಾಗಿ ಹೊರಹಾಕುವ ಸ್ಥಿತಿಗೆ ಬಂದಿದೆ. ಅದರ ಮಟ್ಟವೇ ಮೇಲಕ್ಕೆ ಸರಿದಿದೆ.

ಇನ್ನು ಒತ್ತಡ ಬಿದ್ದಾಗ? ಭೇದಿಯಾಗಿ, ರಕ್ತ ಸೋರಿ, ಬಿಸಿಲಿಗೆ ಬಾಡಿ ಒತ್ತಡ ಇಳಿದರೆ, ಕಿಡ್ನಿಗೆ ರಕ್ತ ತರುವ ಸಣ್ಣ ನಾಳದ ಗೋಡೆಯಲ್ಲಿನ ಕೋಶಗಳು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಲಿವರ್ ತಯಾರಿಸಿಟ್ಟ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸುತ್ತದೆ. ಆ ತುಂಡನ್ನು, ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಇನ್ನೊಂದು ಕಿಣ್ವ ಮತ್ತೆ ಕತ್ತರಿಸಿದಾಗ ಆಂಜಿಯೋಟೆನ್ಸಿನ್-2 ಹುಟ್ಟುತ್ತದೆ. ಇದು ರಕ್ತನಾಳಗಳನ್ನು ಬಿಗಿಯುತ್ತದೆ, ಬಾಯಾರಿಕೆ ಎಬ್ಬಿಸುತ್ತದೆ, ಕಿಡ್ನಿಯ ತಲೆಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯಿಂದ ಅಲ್ಡೋಸ್ಟೆರಾನ್ ಎಂಬ ಹಾರ್ಮೋನು ಹೊರಡಿಸಿ ಉಪ್ಪನ್ನು ಹಿಡಿದಿಡುವಂತೆ ಮಾಡುತ್ತದೆ. ಪ್ರಾಣ ಉಳಿಸುವ ವ್ಯವಸ್ಥೆ ಇದು. ಒತ್ತಡ ಚೆನ್ನಾಗಿದ್ದಾಗಲೂ ಇದು ಅಡಗದೆ ದುಡಿಯುತ್ತಿದ್ದರೆ ಅದೇ ಕಾಯಿಲೆಯಾಗುತ್ತದೆ. ಬಹುಕಾಲದ ಬಿಪಿಯಿಂದ ಕಿಡ್ನಿಯ ನಾಳಗಳು ಗಟ್ಟಿಯಾಗಿ ಸಣ್ಣಗಾದಾಗ, ತನಗೆ ರಕ್ತ ಸಾಲುತ್ತಿಲ್ಲವೆಂದು ಕಿಡ್ನಿ ರೆನಿನ್ ಬಿಡತೊಡಗುತ್ತದೆ. ಬಿಪಿ ಇನ್ನಷ್ಟು ಏರುತ್ತದೆ, ನಾಳಗಳು ಇನ್ನಷ್ಟು ಕೆಡುತ್ತವೆ.

ನಿಮಗೆ ಈಗ ಬೇಕಾದದ್ದು ಎರಡು ಪರೀಕ್ಷೆ: ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ತೆಗೆಯಬೇಕಾದ ಕಲ್ಮಶ), ಮೂತ್ರದಲ್ಲಿ ಆಲ್ಬುಮಿನ್ (ಸೋರಿಹೋಗಬಾರದ ಪ್ರೋಟೀನು). ಎರಡನೆಯದನ್ನು ಎಷ್ಟೋ ಕಡೆ ಬರೆದುಕೊಡುವುದೇ ಇಲ್ಲ. ನೀವೇ ಕೇಳಿ ಮಾಡಿಸಿ. ಕ್ರಿಯಾಟಿನಿನ್ ಏರುವ ಎಷ್ಟೋ ವರ್ಷ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಳ್ಳಬಹುದು.

ಪ್ರಶ್ನೆ: ಮಾಮೂಲಿ ಉಪ್ಪು ಬಿಟ್ಟು ಸೈಂಧವ ಲವಣ ಬಳಸಿದರೆ ಬಿಪಿ ಏರುವುದಿಲ್ಲ ಎಂದು ನಮ್ಮ ಅಕ್ಕ ಹೇಳಿದರು. ಯಜಮಾನರಿಗೆ ಬಿಪಿ ಇರುವುದರಿಂದ ಮನೆಯಲ್ಲಿ ಅದನ್ನೇ ಹಾಕುತ್ತಿದ್ದೇನೆ. ಅಂಗಡಿಯಲ್ಲಿ ‘ಸೋಡಿಯಂ ಕಡಿಮೆ’ ಎಂದು ಬರೆದ ಉಪ್ಪೂ ಸಿಗುತ್ತದೆ. ಯಾವುದು ಒಳ್ಳೆಯದು?
– ಗೃಹಿಣಿ, ತುಮಕೂರು

ಉತ್ತರ: ಸೈಂಧವ ಲವಣವೂ ಸೋಡಿಯಂ ಕ್ಲೋರೈಡೇ, ತಾಯಿ. ಬಣ್ಣ ಕೊಡುವ ಬೇರೆ ಖನಿಜಗಳು ಅದರಲ್ಲಿ ಅತ್ಯಲ್ಪ. ಉಪ್ಪು ಗಣಿಯಿಂದ ಬಂತೋ ಸಮುದ್ರದಿಂದ ಬಂತೋ ಎಂದು ಕಿಡ್ನಿ ಭೇದ ಮಾಡುವುದಿಲ್ಲ. ಅದಕ್ಕೆ ತಿಳಿಯುವುದು ಸೋಡಿಯಂ ಮಾತ್ರ. ಮೇಲಾಗಿ ಸೈಂಧವಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಮನೆಯಲ್ಲಿ ಬಸುರಿಯರು, ಮಕ್ಕಳು ಇದ್ದರೆ ಅದೊಂದು ದೊಡ್ಡ ಕೊರತೆ.

ಸೋಡಿಯಂ ಕಡಿಮೆ ಮಾಡಿದ ಉಪ್ಪಿನಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಅದು ಸಣ್ಣ ಲಾಭವಲ್ಲ. ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ, ಅದಕ್ಕೆ ಕಾರಣವೂ ಇದೆ. ಹೆಚ್ಚಾದ ಪೊಟ್ಯಾಸಿಯಂ ಹೊರಹಾಕಬೇಕಾದದ್ದು ಕಿಡ್ನಿ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಟೆಲ್ಮಿಸಾರ್ಟಾನ್, ಎನಾಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಆದ್ದರಿಂದ ನಿಮ್ಮ ಯಜಮಾನರ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ, ಮಾತ್ರೆಯ ಚೀಟಿ ತೋರಿಸಿ, ಡಾಕ್ಟರು ಆಗಲಿ ಎಂದರೆ ಮಾತ್ರ ಬಳಸಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಸಾರಿಗೆ ಹಾಕುವ ಉಪ್ಪನ್ನು ಚಿಟಿಕೆ ಕಡಿಮೆ ಮಾಡಿ, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮುಂದುವರಿದರೆ ಲೆಕ್ಕ ತಪ್ಪುತ್ತದೆ. ಒಂದೇ ಸಲ ಸಪ್ಪೆ ಮಾಡಬೇಡಿ, ಯಾರೂ ಉಣ್ಣುವುದಿಲ್ಲ. ವಾರ ವಾರ ಸ್ವಲ್ಪ ಇಳಿಸಿ, ಹುಣಸೆ, ನಿಂಬೆ, ಮೆಣಸು ಮುಂದೆ ಬಿಡಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಪ್ರಶ್ನೆ: ಬಿಪಿಗೆ ಡಾಕ್ಟರು ಮಾತ್ರೆ ಬದಲಾಯಿಸಿ ಟೆಲ್ಮಿಸಾರ್ಟಾನ್ ಕೊಟ್ಟರು. ಮೊದಲು ಕ್ರಿಯಾಟಿನಿನ್ 1.1 ಇತ್ತು, ಮೂರು ವಾರದ ಮೇಲೆ 1.3 ಬಂತು. ಈ ಮಾತ್ರೆ ಕಿಡ್ನಿ ತಿಂದುಹಾಕುತ್ತೆ ಅಂತ ಊರಲ್ಲಿ ಹೇಳಿದ್ದಕ್ಕೆ ನಿಲ್ಲಿಸಿಬಿಟ್ಟೆ. ಸರಿ ಮಾಡಿದೆನಾ?
– ರೈತರು, ಮದ್ದೂರು

ಉತ್ತರ: ನಿಲ್ಲಿಸಬಾರದಿತ್ತು, ಯಜಮಾನರೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಒಂದು ತಪ್ಪು ತಿಳಿವಳಿಕೆಯಿಂದ ಕಿಡ್ನಿ ಕಳೆದುಕೊಂಡು ಡಯಾಲಿಸಿಸ್‌ಗೆ ಬರುವವರನ್ನು ನಾನು ನೋಡುತ್ತಲೇ ಇದ್ದೇನೆ. ಮಾತ್ರೆ ಬಿಟ್ಟವರ ಬಿಪಿ ಸದ್ದಿಲ್ಲದೆ ಏರುತ್ತದೆ, ಕಾಲು ಊದಿಕೊಂಡು ಉಸಿರು ಕಟ್ಟುವ ಹೊತ್ತಿಗೆ ಉಳಿದಿರುವುದು ಸ್ವಲ್ಪವೇ.

ಕಿಡ್ನಿಯಲ್ಲಿ ಸೋಸುವ ಒಂದೊಂದು ನಾಳಗುಚ್ಛಕ್ಕೂ ರಕ್ತ ತರುವುದಕ್ಕೊಂದು ಸಣ್ಣ ನಾಳ, ಹೊರಗೆ ಒಯ್ಯುವುದಕ್ಕೊಂದು. ಮೇಲೆ ಹೇಳಿದ ಆಂಜಿಯೋಟೆನ್ಸಿನ್ ಹೊರಗೆ ಒಯ್ಯುವ ನಾಳವನ್ನು ಹೆಚ್ಚು ಬಿಗಿಯುತ್ತದೆ, ಅದರಿಂದ ಒಳಗಿನ ಒತ್ತಡ ಏರುತ್ತದೆ. ಒತ್ತಡದ ಬಲದಿಂದ ಸೋಸುವ ಕೆಲಸ ಚುರುಕಾಗಿ ಕಂಡರೂ ಸೋಸುವ ಪೊರೆ ದಿನೇ ದಿನೇ ಹರಿಯುತ್ತದೆ. ಟೆಲ್ಮಿಸಾರ್ಟಾನ್ ಆ ಬಿಗಿತ ಸಡಿಲಿಸುತ್ತದೆ. ಒಳಗಿನ ಒತ್ತಡ ಇಳಿದಾಗ ಸೋಸುವಿಕೆ ತುಸು ತಗ್ಗಿ ಕ್ರಿಯಾಟಿನಿನ್ ಕೊಂಚ ಏರುವುದು ಸಹಜ. ಮೊದಲಿನದಕ್ಕಿಂತ ಶೇ. 30ರವರೆಗೆ ಏರಿ ಅಲ್ಲಿಯೇ ನಿಂತರೆ ನಾವು ಮಾತ್ರೆ ಮುಂದುವರಿಸುತ್ತೇವೆ. ನಿಮ್ಮದು ಅದಕ್ಕಿಂತ ಸಾಕಷ್ಟು ಕೆಳಗಿದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುವವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಕಿಡ್ನಿಯನ್ನು ವರ್ಷಗಟ್ಟಲೆ ಕಾಪಾಡುವುದು ಈ ಜಾತಿಯ ಮಾತ್ರೆಗಳೇ. ಏರಿಕೆ ಶೇ. 30 ದಾಟಿದರೆ, ಪೊಟ್ಯಾಸಿಯಂ ಏರಿದರೆ, ಆಗ ಕಾರಣ ಹುಡುಕಬೇಕು. ಅದನ್ನು ನೋಡುವುದಕ್ಕೆಂದೇ ಮಾತ್ರೆ ಶುರುಮಾಡಿ ಒಂದೆರಡು ವಾರದಲ್ಲಿ ರಕ್ತಪರೀಕ್ಷೆ ಬರೆಯುವುದು.

ಈ ಬಳಗದ ಮಾತ್ರೆಗಳ ಹುಟ್ಟಿನ ಕಥೆಯನ್ನೂ ಹೇಳಬೇಕು. ಬ್ರೆಜಿಲ್‌ನಲ್ಲಿ ಜರರಾಕಾ ಎಂಬ ಹಾವಿದೆ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. ಆ ದೇಶದ ಸರ್ಜಿಯೋ ಫೆರೇರಾ 1960ರ ದಶಕದಲ್ಲಿ ಅದರ ವಿಷವನ್ನು ಶೋಧಿಸಿ, ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಆಂಜಿಯೋಟೆನ್ಸಿನ್ ಹುಟ್ಟಿಸುವ ಕಿಣ್ವವನ್ನು ಆ ವಿಷದಲ್ಲಿದ್ದ ವಸ್ತು ತಡೆಯುತ್ತದೆ ಎಂದು ಗೊತ್ತಾಯಿತು. ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್ಮನ್, ಮಿಗೆಲ್ ಒಂಡೆಟ್ಟಿ ಅದೇ ಸುಳಿವಿನಿಂದ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಟೆಲ್ಮಿಸಾರ್ಟಾನ್ ಬೇರೆ ಜಾಗದಲ್ಲಿ ತಡೆ ಹಾಕಿದರೂ ಕೆಲಸ ಮಾಡುವುದು ಅದೇ ಸರಪಣಿಯ ಮೇಲೆ. ನಾಳೆಯೇ ಹೋಗಿ ಡಾಕ್ಟರನ್ನು ಕಾಣಿ.

ಪ್ರಶ್ನೆ: ಬೆಳಗ್ಗೆ ಎದ್ದ ಕೂಡಲೇ ಒಂದೂವರೆ ಲೀಟರ್ ನೀರು ಒಟ್ಟಿಗೆ ಕುಡಿದರೆ ಕಿಡ್ನಿ ಶುದ್ಧವಾಗಿ ಬಿಪಿ ಇಳಿಯುತ್ತದೆ ಎಂದು ಕೇಳಿ, ನಾನು ಮತ್ತು ನಮ್ಮ ತಾಯಿ (71 ವರ್ಷ) ಹಾಗೇ ಮಾಡುತ್ತಿದ್ದೇವೆ. ತಾಯಿಗೆ ಈಚೆಗೆ ಮಂಕು ಕವಿದ ಹಾಗೆ ಆಗುತ್ತಿದೆ. ಅವರು ಬಿಪಿಗೆ ‘ನೀರಿನ ಮಾತ್ರೆ’ಯನ್ನೂ ತೆಗೆದುಕೊಳ್ಳುತ್ತಾರೆ.
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ತಾಯಿಯವರ ರಕ್ತದ ಸೋಡಿಯಂ ಇವತ್ತೇ ಪರೀಕ್ಷೆ ಮಾಡಿಸಿ. ಉಳಿದ ಮಾತು ಆಮೇಲೆ ಓದಿದರೂ ಆದೀತು.

ಉಪ್ಪನ್ನೂ ನೀರನ್ನೂ ಕಿಡ್ನಿ ಬೇರೆ ಬೇರೆ ಅಪ್ಪಣೆಗಳ ಮೇಲೆ ನಡೆಸುತ್ತದೆ. ಉಪ್ಪಿನ ಉಸ್ತುವಾರಿ ಮುಖ್ಯವಾಗಿ ರೆನಿನ್, ಅಲ್ಡೋಸ್ಟೆರಾನ್‌ಗಳದ್ದು. ನೀರಿನ ಉಸ್ತುವಾರಿ ಮಿದುಳಿನದು. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಹೆಚ್ಚಾದರೂ ಮಿದುಳು ಅದನ್ನು ಗ್ರಹಿಸಿ ವಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುತ್ತದೆ. ಅದು ತಲುಪಿದೊಡನೆ ಕಿಡ್ನಿಯ ಕೊನೆಯ ನಾಳಗಳಲ್ಲಿ ನೀರಿನ ಸಣ್ಣ ಕಿಂಡಿಗಳು ತೆರೆದು, ನೀರು ಹಿಂದಕ್ಕೆ ಬರುತ್ತದೆ, ಮೂತ್ರ ಹಳದಿಯಾಗಿ ಮಂದವಾಗುತ್ತದೆ. ಜೀವಕೋಶಗಳ ಇಂಥ ಕಿಂಡಿಗಳನ್ನು ಪತ್ತೆಮಾಡಿದ್ದಕ್ಕೆ ಪೀಟರ್ ಅಗ್ರೆ ಅವರಿಗೆ 2003ರ ನೊಬೆಲ್ ಬಂತು. ನೀರು ಹೆಚ್ಚು ಕುಡಿದಾಗ ಹಾರ್ಮೋನು ನಿಲ್ಲುತ್ತದೆ, ಕಿಂಡಿ ಮುಚ್ಚುತ್ತದೆ, ಎರಡು ಮೂರು ತಾಸಿನಲ್ಲಿ ಹೆಚ್ಚಿನ ನೀರು ಹೊರಗೆ. ಬರೀ ನೀರು ಕುಡಿಯುವುದರಿಂದ ಬಿಪಿ ಇಳಿಯುವುದೂ ಇಲ್ಲ, ಕಿಡ್ನಿ ತೊಳೆಯುವುದೂ ಇಲ್ಲ. ದಿನಕ್ಕೆ 180 ಲೀಟರ್ ಸೋಸುವ ಅಂಗಕ್ಕೆ ನಿಮ್ಮ ಒಂದೂವರೆ ಲೀಟರಿನ ತೊಳೆತ ಬೇಕಿಲ್ಲ.

ನಿಮ್ಮ ವಯಸ್ಸಿನವರಿಗೆ ಇದರಿಂದ ಕೇಡೇನೂ ಆಗದಿರಬಹುದು. ತಾಯಿಯವರ ವಿಷಯ ಬೇರೆ. ವಯಸ್ಸಾದಂತೆ ಹೆಚ್ಚಿನ ನೀರನ್ನು ಬೇಗ ಹೊರಹಾಕುವ ಕಿಡ್ನಿಯ ಶಕ್ತಿ ಕುಂದುತ್ತದೆ. ಹೈಡ್ರೊಕ್ಲೋರೊಥಯಜೈಡ್, ಕ್ಲೋರ್‌ಥಾಲಿಡೋನ್‌ನಂಥ ನೀರಿನ ಮಾತ್ರೆ ಉಪ್ಪನ್ನು ಹೊರಹಾಕಿಸುತ್ತದೆ, ಮೂತ್ರ ತಿಳಿಯಾಗುವುದಕ್ಕೆ ಅಡ್ಡಬರುತ್ತದೆ. ಮೇಲಿಂದ ನೀರು ಸುರಿದರೆ ರಕ್ತದ ಸೋಡಿಯಂ ತೆಳುವಾಗಿ ಮಂಕು, ತೂಕಡಿಕೆ, ನಡಿಗೆಯಲ್ಲಿ ತೂರಾಟ, ಕೊನೆಗೆ ಫಿಟ್ಸ್ ಬರಬಹುದು. ಬಾಯಾರಿಕೆಗೆ ತಕ್ಕಂತೆ ದಿನವಿಡೀ ಹಂಚಿಕೊಂಡು ಕುಡಿದರೆ ಸಾಕು. ಕಿಡ್ನಿಯಲ್ಲಿ ಕಲ್ಲು ಆದವರಿಗೆ ಮಾತ್ರ ಹೆಚ್ಚು ನೀರು ಬೇಕು. ಹೃದಯ ಸೋತವರಿಗೆ, ಮೂತ್ರ ಕಡಿಮೆಯಾದವರಿಗೆ ಡಾಕ್ಟರು ಹೇಳಿದ ಅಳತೆಯೇ ಅಳತೆ.

ಪ್ರಶ್ನೆ: ಮಸ್ಕತ್‌ನಲ್ಲಿ ಕಟ್ಟಡದ ಕೆಲಸದ ಸೂಪರ್‌ವೈಸರ್ ಆಗಿದ್ದೇನೆ. ಊರು ಕುಂದಾಪುರದ ಹತ್ತಿರ. ಬಿಪಿಗೆ ಟೆಲ್ಮಿಸಾರ್ಟಾನ್ ಜೊತೆ ನೀರಿನ ಮಾತ್ರೆ ಸೇರಿದ ಗುಳಿಗೆ ನಡೆಯುತ್ತಿದೆ. ಬೇಸಿಗೆಯಲ್ಲಿ ಬೆವರು ಸುರಿದು ತಲೆ ತಿರುಗುತ್ತದೆ. ಬೆನ್ನುನೋವಿಗೆ ಡೈಕ್ಲೋಫೆನಾಕ್ ನುಂಗುತ್ತೇನೆ. ಬೆವರು ಹೋಗುವವರು ಉಪ್ಪು ಹೆಚ್ಚು ತಿನ್ನಬೇಕೇ?
– ಓದುಗರು, ಒಮಾನ್

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಬೆವರಲ್ಲ, ಆ ಮೂರು ಔಷಧಿಗಳು ಒಟ್ಟಿಗೆ ಸೇರಿರುವುದು. ನೀರಿನ ಮಾತ್ರೆ ಮೈಯ ಉಪ್ಪು ನೀರನ್ನು ತಗ್ಗಿಸುತ್ತದೆ. ಬಿಸಿಲು ಇನ್ನಷ್ಟು ತಗ್ಗಿಸುತ್ತದೆ. ಆಗ ಕಿಡ್ನಿ ತನ್ನ ಸೋಸುವಿಕೆ ಉಳಿಸಿಕೊಳ್ಳಲು ಎರಡು ಉಪಾಯ ಹೂಡುತ್ತದೆ: ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳಿಂದ ರಕ್ತ ತರುವ ನಾಳವನ್ನು ಹಿಗ್ಗಿಸುವುದು, ಆಂಜಿಯೋಟೆನ್ಸಿನ್‌ನಿಂದ ರಕ್ತ ಒಯ್ಯುವ ನಾಳವನ್ನು ಬಿಗಿಯುವುದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಿನದನ್ನು ಕಟ್ಟಿಹಾಕುತ್ತವೆ, ಟೆಲ್ಮಿಸಾರ್ಟಾನ್ ಎರಡನೆಯದನ್ನು. ಎರಡೂ ದಾರಿ ಮುಚ್ಚಿದ ಕಿಡ್ನಿ ಒಂದೆರಡು ದಿನದಲ್ಲೇ ಕೆಲಸ ನಿಲ್ಲಿಸಬಹುದು. ಸಾಲದ್ದಕ್ಕೆ ನೋವಿನ ಮಾತ್ರೆ ಉಪ್ಪನ್ನು ಮೈಯಲ್ಲಿ ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತದೆ. ಅದನ್ನು ಇಂದೇ ಬಿಡಿ. ನೋವಿಗೆ ಪ್ಯಾರಾಸಿಟಮಾಲ್ ವಾಸಿ, ಬೆನ್ನಿಗೆ ವ್ಯಾಯಾಮ ಕೇಳಿ ಮಾಡಿ.

ಬಿಸಿಲಿಗೆ ಒಗ್ಗಿದ ಮೈ ಬೆವರಿನಲ್ಲೂ ಉಪ್ಪನ್ನು ಉಳಿಸಿಕೊಳ್ಳುತ್ತದೆ, ಅದೂ ಅಲ್ಡೋಸ್ಟೆರಾನಿನ ಕೆಲಸವೇ. ಹಾಗಾಗಿ ಉಪ್ಪು ಸುರಿದುಕೊಳ್ಳುವುದು ಬೇಡ. ಊರಿನಿಂದ ಹಿಂದಿರುಗಿದ ಮೊದಲ ವಾರಗಳಲ್ಲಿ ಎಚ್ಚರ ಹೆಚ್ಚಿರಲಿ. ತಲೆ ತಿರುಗಿದಾಗ ಬಿಪಿ ಅಳೆದು ಬರೆದಿಡಿ. ಬೇಸಿಗೆಯಲ್ಲಿ ಎಷ್ಟೋ ಜನರಿಗೆ ಮಾತ್ರೆಯ ಪ್ರಮಾಣ ಇಳಿಸಬೇಕಾಗುತ್ತದೆ, ಅದನ್ನು ಡಾಕ್ಟರು ಮಾಡಲಿ. ವಾಂತಿಭೇದಿಯಾದರೆ ಓಆರ್‌ಎಸ್ ಕುಡಿಯಿರಿ. ಅದರಲ್ಲಿ ಗ್ಲೂಕೋಸ್ ಇರುವುದು ರುಚಿಗಲ್ಲ, ಕರುಳು ಗ್ಲೂಕೋಸಿನ ಜೊತೆಯಲ್ಲಿ ಸೋಡಿಯಂ ಅನ್ನೂ ಹೀರಿಕೊಳ್ಳುತ್ತದೆ ಎಂದು. ಆ ದಿನಗಳ ಮಟ್ಟಿಗೆ ಈ ಗುಳಿಗೆ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಆಮ್ಲೋಡಿಪಿನ್ ಶುರುಮಾಡಿದ ಮೇಲೆ ಸಂಜೆಗೆ ಪಾದ ಊದುತ್ತದೆ. ಕಿಡ್ನಿ ಹೋಯಿತೇ?
– ಅಂಗನವಾಡಿ ಕಾರ್ಯಕರ್ತೆ, ಗದಗ

ಉತ್ತರ: ಆ ಮಾತ್ರೆಯೇ ಕಾರಣವಿರಬಹುದು. ಅದು ಸಣ್ಣ ನಾಳಗಳನ್ನು ಹಿಗ್ಗಿಸುವುದರಿಂದ ನೀರು ಪಾದಕ್ಕೆ ಜಿನುಗುತ್ತದೆ, ಮೈಯಲ್ಲಿ ಉಪ್ಪು ನೀರು ಹೆಚ್ಚಾಗಿದೆ ಎಂದಲ್ಲ. ಹೀಗಾಗಿ ನೀರಿನ ಮಾತ್ರೆ ನುಂಗಿದರೂ ಈ ಊತ ಅಷ್ಟಾಗಿ ಇಳಿಯದು. ಬೆಳಗ್ಗೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ಬಹಳ ನೊರೆ ಇದ್ದರೆ ಮೂತ್ರಪರೀಕ್ಷೆ ಮಾಡಿಸಿ.

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ. ಬಿಪಿ 180/110. ಮೂರು ಮಾತ್ರೆಗೂ ಜಗ್ಗುತ್ತಿಲ್ಲ. ಟೆನ್ಷನ್ ಕಡಿಮೆ ಮಾಡಿಕೊಳ್ಳಲಿ ಅನ್ನುತ್ತಾರೆ. ಮದುವೆ ಮಾತುಕತೆ ನಡೆದಿದೆ.
– ತಾಯಿ, ವಿಜಯಪುರ

ಉತ್ತರ: ಈ ವಯಸ್ಸಿನಲ್ಲಿ ಇಷ್ಟು ಬಿಪಿಯನ್ನು ಟೆನ್ಷನ್ ಎಂದು ಬಿಡಲಾಗದು ತಾಯಿ, ಕಾರಣ ಹುಡುಕಲೇಬೇಕು. ಅದು ಕಿಡ್ನಿಯಲ್ಲೇ ಇರಬಹುದು ಎಂಬುದಕ್ಕೆ ಹಳೆಯ ಪ್ರಯೋಗಗಳ ಸುಳಿವಿದೆ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟೈಗರ್‌ಸ್ಟೆಟ್, ಪೇರ್ ಬರ್ಗ್‌ಮನ್ ಎಂಬಿಬ್ಬರು ಮೊಲದ ಕಿಡ್ನಿಯ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿ ಅದರ ಒತ್ತಡ ಏರುವುದನ್ನು ಕಂಡು, ಆ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಬಹುಕಾಲ ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1934ರಲ್ಲಿ ಕ್ಲೀವ್‌ಲ್ಯಾಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಬೆಳ್ಳಿಯ ಕ್ಲಿಪ್ಪು ಹಾಕಿ ಸ್ವಲ್ಪವೇ ಬಿಗಿದರು. ಬಿಪಿ ಏರಿತು. ತನಗೆ ರಕ್ತ ಕಡಿಮೆ ಬಂದದ್ದನ್ನೇ ಇಡೀ ಮೈಗೆ ಒತ್ತಡ ಕಡಿಮೆಯಾಯಿತೆಂದು ಕಿಡ್ನಿ ಬಗೆಯುತ್ತದೆ.

ಮಗಳಲ್ಲಿಯೂ ಹಾಗೆ ಕಿಡ್ನಿಯ ನಾಳ ಕಿರಿದಾಗಿರಬಹುದು. ನಮ್ಮ ದೇಶದ ಎಳೆಯ ಹೆಣ್ಣುಮಕ್ಕಳಲ್ಲಿ ಇದಕ್ಕೆ ಟಕಯಾಸು ಎಂಬ ರಕ್ತನಾಳದ ಉರಿಯೂತ ಮುಖ್ಯ ಕಾರಣ. ಎರಡೂ ತೋಳಿನಲ್ಲಿ ಬಿಪಿ ಅಳೆಯಲು ಹೇಳಿ. ಒಂದು ಕೈಯ ನಾಡಿ ಕ್ಷೀಣವಾಗಿದ್ದರೆ, ಎರಡು ಕೈಗಳ ಬಿಪಿಯಲ್ಲಿ ಬಹಳ ಅಂತರವಿದ್ದರೆ ಅದು ದೊಡ್ಡ ಸುಳಿವು. ಕಿಡ್ನಿಯ ಡಾಪ್ಲರ್ ಸ್ಕ್ಯಾನ್, ರಕ್ತದ ಪೊಟ್ಯಾಸಿಯಂ, ಮೂತ್ರಪರೀಕ್ಷೆ ಆಗಲೇಬೇಕು. ಪೊಟ್ಯಾಸಿಯಂ ಕಡಿಮೆಯಿದ್ದರೆ ಅಲ್ಡೋಸ್ಟೆರಾನ್ ಅತಿಯಾಗಿದೆಯೇ ಎಂದೂ ನೋಡಬೇಕು. ಇವುಗಳಲ್ಲಿ ಹಲವಕ್ಕೆ ನೇರ ಚಿಕಿತ್ಸೆ ಇದೆ. ಕಿರಿದಾದ ನಾಳವನ್ನು ಬಲೂನಿನಿಂದ ಹಿಗ್ಗಿಸಿದ ಮೇಲೆ ಮಾತ್ರೆ ಬಹಳಷ್ಟು ಇಳಿದವರಿದ್ದಾರೆ. ಮದುವೆಯಾದ ಮೇಲೆ ಮಗುವಿನ ಯೋಚನೆ ಬಂದಾಗ ಮೊದಲೇ ಡಾಕ್ಟರಿಗೆ ತಿಳಿಸಬೇಕು. ‘ಪ್ರಿಲ್’, ‘ಸಾರ್ಟಾನ್’ ಎಂದು ಕೊನೆಯಾಗುವ ಹೆಸರಿನ ಮಾತ್ರೆಗಳನ್ನು ಬಸುರಿನಲ್ಲಿ ಕೊಡುವಂತಿಲ್ಲ.

ಪ್ರಶ್ನೆ: ಅಣ್ಣನಿಗೆ ಒಂದು ಕಿಡ್ನಿ ಕೊಡಲು ತಯಾರಿದ್ದೇನೆ. ಪರೀಕ್ಷೆಗಳೆಲ್ಲ ಸರಿಯಾಗಿವೆ. ಕೊಟ್ಟಮೇಲೆ ನನಗೆ ಬಿಪಿ ಬರುತ್ತದೆಯೇ? ಅಣ್ಣನ ಬಿಪಿ ಹೋಗುತ್ತದೆಯೇ? ನನಗೆ 31 ವರ್ಷ, ಒಂದು ಮಗು ಇದೆ.
– ತಂಗಿ, ದಾವಣಗೆರೆ

ಉತ್ತರ: ಎರಡನೆಯ ಪ್ರಶ್ನೆಯಿಂದ ತೊಡಗುತ್ತೇನೆ, ಏಕೆಂದರೆ ಅದೇ ಪ್ರಶ್ನೆ ವೈದ್ಯವಿಜ್ಞಾನಕ್ಕೆ ಬಹಳ ಕಲಿಸಿದೆ. ಅಮೆರಿಕದ ಲೂಯಿಸ್ ಡಾಲ್ ಎರಡು ತಳಿಯ ಇಲಿಗಳನ್ನು ಬೆಳೆಸಿದರು: ಉಪ್ಪು ತಿಂದರೆ ಬಿಪಿ ಏರುವವು, ಏರದವು. ಒಂದರ ಕಿಡ್ನಿಯನ್ನು ಇನ್ನೊಂದಕ್ಕೆ ಜೋಡಿಸಿದಾಗ ಬಿಪಿಯೂ ಕಿಡ್ನಿಯ ಜೊತೆ ವರ್ಗವಾಯಿತು. ಮನುಷ್ಯರಲ್ಲೂ ಅಂಥದೇ ಕಂಡಿತು. ಬಿಪಿಯಿಂದಲೇ ಕಿಡ್ನಿ ಕಳೆದುಕೊಂಡ ಆರು ಜನರಿಗೆ ಬಿಪಿ ಇಲ್ಲದವರ ಕಿಡ್ನಿ ಜೋಡಿಸಿದ ಮೇಲೆ ಒತ್ತಡ ಸಹಜ ಮಟ್ಟಕ್ಕೆ ಬಂದು ವರ್ಷಗಟ್ಟಲೆ ಹಾಗೇ ಉಳಿಯಿತೆಂದು 1983ರಲ್ಲಿ ಅಮೆರಿಕದಿಂದ ವರದಿಯಾಯಿತು. ಅಣ್ಣನಿಗೂ ಬಿಪಿ ಸುಲಭವಾಗಿ ಹಿಡಿತಕ್ಕೆ ಬರಬಹುದು. ಆದರೆ ಕಿಡ್ನಿ ತಿರಸ್ಕಾರವಾಗದಂತೆ ಕೊಡುವ ಟ್ಯಾಕ್ರೊಲಿಮಸ್, ಸ್ಟೀರಾಯ್ಡ್‌ಗಳೇ ಬಿಪಿ ಏರಿಸುತ್ತವೆ. ಆದ್ದರಿಂದ ಮಾತ್ರೆ ಪೂರ್ತಿ ನಿಲ್ಲುತ್ತದೆ ಎಂಬ ಆಸೆ ಇಟ್ಟುಕೊಳ್ಳುವುದು ಬೇಡ.

ನಿಮ್ಮಲ್ಲಿ ಉಳಿಯುವ ಕಿಡ್ನಿ ಕೆಲವೇ ವಾರಗಳಲ್ಲಿ ಹಿಗ್ಗಿ, ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಮೂರನೆಯ ಎರಡು ಪಾಲಿನಷ್ಟನ್ನು ಒಂದೇ ಮಾಡತೊಡಗುತ್ತದೆ. ಬಹುಪಾಲು ದಾನಿಗಳು ಆರೋಗ್ಯವಾಗಿ ಬಾಳುತ್ತಾರೆ. ಬಿಪಿ ಬರುವ ಸಂಭವ ಕೊಂಚ ಹೆಚ್ಚು ಎನ್ನುವುದನ್ನು ಮುಚ್ಚಿಡುವುದಿಲ್ಲ. ಕೊಟ್ಟಮೇಲೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸುತ್ತಿರಬೇಕು, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳಿಂದ ದೂರವಿರಬೇಕು. ಕಿಡ್ನಿ ಕೊಟ್ಟ ಮೇಲೆ ಬಸುರಾದವರಲ್ಲಿ ಬಿಪಿ ಏರುವ ತೊಂದರೆ ಇತರರಿಗಿಂತ ಹೆಚ್ಚು ಕಂಡುಬಂದಿದೆ. ಎರಡನೆಯ ಮಗುವಿನ ಯೋಚನೆ ಇದ್ದರೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲೇ ಕಸಿ ತಂಡದ ವೈದ್ಯರಿಗೆ ನಿಮ್ಮ ಯಜಮಾನರ ಎದುರಿಗೇ ಹೇಳಿ, ಆಮೇಲೆ ತೀರ್ಮಾನಿಸಿ.